ನಮ್ಮತ್ತೆಯ ಹೆಸರಿಗೆ ಬಂದ ವಾರಂಟು

ಹೆಂಡತಿಯ ಮೇಲೆ ಏಳುವ ಗಂಡನ ಕೈ ತಡೆಯಲು ಒಂದು ಕಾನೂನು ಬೇಕು ಎಂದು ನಾನು ಪತ್ರಿಕೆಯಲ್ಲಿ ಬರೆಯತೊಡಗಿದ್ದಕ್ಕೆ ಕಾರಣ ಕಳೆದುಹೋದ ಒಂದು ಕೊಡೆ. ಆಮೇಲಿನ ಭಾಷಣಗಳಲ್ಲಿ ಈ ಮಾತನ್ನು ಮಾತ್ರ ನಾನು ಎಂದೂ ಆಡಲಿಲ್ಲ. ನೊಂದ ಅಕ್ಕತಂಗಿಯರ ಮೊರೆ ಕೇಳಿ ಲೇಖನಿ ಹಿಡಿದೆ ಎನ್ನುತ್ತಿದ್ದೆ.

ಅರವತ್ತರ ದಶಕದ ನಡುವಿನ ಕಾಲ. ವಿಮಾ ಕಚೇರಿಯಲ್ಲಿದ್ದ ನಮ್ಮವರಿಗೆ ಧಾರವಾಡದಿಂದ ಬಡೋದೆಗೆ ವರ್ಗವಾಗಿತ್ತು. ವಡೋದರಾ ಅನ್ನುವುದು ನಮ್ಮ ಬಾಯಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಮಂಜಲ್‌ಪುರ ಆಗ ಅರ್ಧ ಹಳ್ಳಿ. ಒಂದು ಕಡೆ ಜೋಳದ ಹೊಲ, ಇನ್ನೊಂದು ಕಡೆ ಮಕರಪುರದಲ್ಲಿ ಹೊಸದಾಗಿ ಏಳುತ್ತಿದ್ದ ಕಾರ್ಖಾನೆಗಳು. ನಡುವೆ ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳು. ಅಂಥ ಒಂದು ಮನೆಯಲ್ಲಿ ನಾವು, ನಮ್ಮ ನಾಲ್ಕು ವರ್ಷದ ಮಗಳು ಮತ್ತು ನಮ್ಮತ್ತೆ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಗುಜರಾತಿಯೂ ಬರುತ್ತಿರಲಿಲ್ಲ. ಆದರೆ ಬಂದ ತಿಂಗಳೊಳಗೆ ಇಡೀ ಸಾಲಿನ ಹೆಂಗಸರ ಸುಖದುಃಖ ಅವರಿಗೆ ಗೊತ್ತಿತ್ತು. ನಾನು ಬಿ.ಎ. ಮುಗಿಸಿದವಳು. ಎರಡು ವರ್ಷವಾದರೂ ಎಡಗಡೆಯ ಮನೆಯವರ ಅಡ್ಡಹೆಸರು ನನಗೆ ಗೊತ್ತಿರಲಿಲ್ಲ.

ಅಹಮದಾಬಾದಿನ ಒಂದು ಇಂಗ್ಲಿಷ್ ಪತ್ರಿಕೆಗೆ ನಾನು ಸಂಪಾದಕರಿಗೆ ಪತ್ರಗಳನ್ನು ಬರೆದು ಬರೆದು, ಅವರು ಬೇಸತ್ತು ಭಾನುವಾರದ ಮಹಿಳಾ ಪುಟದಲ್ಲಿ ಒಂದು ಅಂಕಣ ಕೊಟ್ಟಿದ್ದರು. ಸ್ವೆಟರ್ ತೊಳೆಯುವ ಬಗೆ, ಉಪ್ಪಿನಕಾಯಿಗೆ ಬೂಸ್ಟು ಹಿಡಿಯದಂತೆ ಕಾಯುವ ಬಗೆ, ಇಂಥವು ನನ್ನ ವಿಷಯಗಳು. ನಮ್ಮವರು ಹಳೆಯದೊಂದು ಟೈಪ್‌ರೈಟರು ತಂದುಕೊಟ್ಟರು. ಅದನ್ನು ಅಡಿಗೆಮನೆಯ ಗೋಡೆಗೆ ಒತ್ತಿದ ಮೇಜಿನ ಮೇಲೆ ಇಟ್ಟುಕೊಂಡು ಬೆಳಿಗ್ಗೆಯೆಲ್ಲ ಕುಟ್ಟುತ್ತಿದ್ದೆ.

ಹಾಗಿರುವಾಗ ಒಂದು ದಿನ ಸಂಪಾದಕರನ್ನು ಕಾಣಲು ಅಹಮದಾಬಾದಿಗೆ ಹೋದವಳು ಕೊಡೆಯನ್ನು ಅಲ್ಲಿನ ಸಿಟಿ ಬಸ್ಸಿನಲ್ಲಿ ಮರೆತೆ. ಹತ್ತಿರದ ಪೊಲೀಸ್ ಚೌಕಿಗೆ ಹೋದೆ. ನನಗಿಂತ ಮುಂಚೆ ಅಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಗಿರಣಿ ಕಾರ್ಮಿಕನ ಹೆಂಡತಿಯಂತೆ. ತುಟಿ ಒಡೆದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಜಮಾದಾರ ಅವಳಿಗೆ, “ಘರ್‌ನೀ ವಾತ್ ಛೇ, ಬೆನ್” ಎಂದ. ಅದು ಮನೆಯ ಮಾತು, ಮನೆಯಲ್ಲೇ ಇರಲಿ ಎಂದರ್ಥ. ಅವಳು ಹಿಂದೆ ಸರಿದಳು. ನನ್ನ ಸರದಿ ಬಂತು. ಜಮಾದಾರ ದೊಡ್ಡ ರಿಜಿಸ್ಟರು ತೆರೆದು, ಕೊಡೆಯ ಬಣ್ಣ, ಹಿಡಿಕೆಯ ಆಕಾರ, ಕಡ್ಡಿ ಎಷ್ಟು ಎಂದು ಕೇಳಿ ಬರೆದುಕೊಂಡ. ನಾನೂ ಹೇಳಿ ಬರೆಸಿದೆ. ಅವಳು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ನಾನು ಅವಳನ್ನು ಮಾತಾಡಿಸಲಿಲ್ಲ. ರೈಲಿನಲ್ಲಿ ಕೂತ ಮೇಲೆ, ಆಣಂದ್ ದಾಟುವ ಹೊತ್ತಿಗೆ, ಮಾತಾಡಿಸಬೇಕಿತ್ತು ಎಂದು ಹೊಳೆಯಿತು. ಮನೆಗೆ ಬಂದವಳೇ ಲೇಖನ ಬರೆದೆ. ಕೊಡೆಯ ವಿಷಯ ಬಿಟ್ಟುಬಿಟ್ಟೆ.

ಆ ಲೇಖನಕ್ಕೆ ಒಂದು ರಾಶಿ ಪತ್ರಗಳು ಬಂದವು. ಉಪ್ಪಿನಕಾಯಿಗೆ ಎಂದೂ ಅಷ್ಟು ಬಂದಿರಲಿಲ್ಲ. ನನ್ನ ತಲೆ ತಿರುಗಿತು. ಹೊಡೆತ ತಿಂದ ಹೆಂಡತಿಗೆ ಮನೆಯಲ್ಲಿರುವ ಹಕ್ಕು ಬೇಕು, ಹೊಡೆಯುವವನು ಹತ್ತಿರ ಬರದಂತೆ ತಡೆಯುವ ಆದೇಶವನ್ನು ಕೋರ್ಟು ಕೊಡುವಂತಿರಬೇಕು ಎಂದು ಒಂದು ಮನವಿ ತಯಾರಿಸಿದೆ. ಅದಕ್ಕೆ ಸಹಿ ಸಂಗ್ರಹಿಸಲು ಅಹಮದಾಬಾದು, ಬಡೋದೆ, ಸೂರತ್ತಿನ ಮಹಿಳಾ ಮಂಡಳಿಗಳನ್ನು ಸುತ್ತತೊಡಗಿದೆ. ಎಲ್ಲೆಡೆಯೂ ಕಡಲೆಹಿಟ್ಟಿನ ಖಮಣ, ಚಹಾ, ಹೂವಿನ ಗುಚ್ಛ. ಬಿಳಿ ಖಾದಿ ಸೀರೆ ಉಡಲು ಶುರುಮಾಡಿದ್ದೂ ಆಗಲೇ. ಕನ್ನಡಿಯ ಮುಂದೆ ನಿಂತು ಎಡಗೈ ಎತ್ತುವುದೋ ಬಲಗೈ ಎತ್ತುವುದೋ ಎಂದು ನೋಡಿಕೊಳ್ಳುತ್ತಿದ್ದೆ. ಒಮ್ಮೆ ಮಗಳು ಅದನ್ನು ನೋಡಿ ಅಜ್ಜಿಗೆ, “ಮಮ್ಮಿ ಟ್ರಾಫಿಕ್ ಪೊಲೀಸ್ ಆಗ್ಯಾಳ” ಎಂದು ವರದಿ ಮಾಡಿದಳು.

ಒಂದು ಭಾನುವಾರ ಅಹಮದಾಬಾದಿನ ಸಭೆ ರದ್ದಾಗಿ ನಾನು ಮಧ್ಯಾಹ್ನವೇ ಮರಳಿ ಬಂದೆ. ನಮ್ಮವರು ಮಗಳನ್ನು ಕರೆದುಕೊಂಡು ತೋಟಕ್ಕೆ ಹೋಗಿದ್ದರು. ಮನೆಯ ಬಾಗಿಲು ಹಾರುಹೊಡೆದಿತ್ತು, ಅತ್ತೆ ಇರಲಿಲ್ಲ. ಎಡಗಡೆಯ ಮನೆಯಿಂದ ಅವರ ದನಿ ಕೇಳಿಸಿತು. ಇಣುಕಿದೆ.

ಆ ಮನೆಯವರೂ ಕನ್ನಡದವರೇ, ಹಾಸನದ ಕಡೆಯವರು. ಗಂಡ ಮಕರಪುರದ ಕಾರ್ಖಾನೆಯಲ್ಲಿ ಇಂಜಿನಿಯರು, ನನ್ನ ಅಂಕಣ ಓದುವವನು, ಎದುರಾದಾಗ ಕೈಮುಗಿದು “ಚೆನ್ನಾಗಿ ಬರೀತೀರಿ ಮೇಡಂ” ಅನ್ನುವವನು. ಹೆಂಡತಿ ಇಪ್ಪತ್ತೆರಡರ ಒಳಗಿನ ಹುಡುಗಿ. ಮಕ್ಕಳಿರಲಿಲ್ಲ. ಈಗ ಅವರ ಹೊರಕೋಣೆಯಲ್ಲಿ ಆತ ಪೇಪರು ಮುಖಕ್ಕೆ ಅಡ್ಡ ಹಿಡಿದು ಕುರ್ಚಿಯಲ್ಲಿ ಕೂತಿದ್ದ. ಎದುರಿಗೆ ನೆಲದ ಮೇಲೆ ನಮ್ಮತ್ತೆ ಕಾಲು ಚಾಚಿ ಕೂತು, ಅವರೆಕಾಯಿ ಬಿಡಿಸುತ್ತ, ತಮ್ಮ ತವರಿನ ಎಮ್ಮೆಯೊಂದರ ಕಥೆಯನ್ನು ಅವನಿಗೆ ಹೇಳುತ್ತಿದ್ದರು. ಅವನು ಕೇಳುತ್ತಿರಲಿಲ್ಲ. ಅವರೂ ನಿಲ್ಲಿಸುತ್ತಿರಲಿಲ್ಲ. ಹುಡುಗಿ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು.

ಅತ್ತೆ ಮನೆಗೆ ಬಂದ ಮೇಲೆ ನಾನು ಸ್ವಲ್ಪ ಜೋರಾಗಿಯೇ, “ಬಾಗಲಾ ತಗದಿಟ್ಟು ಮಂದಿ ಮನ್ಯಾಗ ಹರಟಿ ಹೊಡೀಲಿಕ್ಕೆ ಹೋಗೂದೇನ ಅತ್ತೀ?” ಎಂದೆ.

ಅವರು ಕಾಳಿನ ಪಾತ್ರೆ ಕೆಳಗಿಟ್ಟರು. “ಹರಟಿ ಹೊಡೀಲಿಕ್ಕೆ ಹೋಗಿದ್ದಿಲ್ಲ. ಅವ ಹೊಡೀಲಿಕ್ಕೆ ಹತ್ತಿದ್ದ. ನಾ ಹೋಗಿ ಕೂತ್ರ ಅವ ಕೈ ಎತ್ತಂಗಿಲ್ಲ. ಸಿಟ್ಟು ಇಳಿಯೂ ತನಕ ಕೂಡತೇನಿ.”

“ಯಾವಾಗಿಂದ?”

“ನಾವು ಬಂದಾಗಿಂದ.”

“ನನಗ ಹೇಳಬಾರದೇನು?”

“ಹೇಳೂದೇನದ? ನಮ್ಮ ಅಡಿಗಿಮನಿ ಗ್ವಾಡಿ, ಅವರ ಅಡಿಗಿಮನಿ ಗ್ವಾಡಿ ಒಂದ. ನನಗ ಕೇಳಸ್ತದ. ನಿನಗ್ಯಾಕ ಕೇಳಸಂಗಿಲ್ಲ?” ಎಂದು ಮೇಜಿನ ಕಡೆ ನೋಡಿದರು. “ನಿನ್ನ ಮಶೀನು ಭಾಳ ಸಪ್ಪಳ ಮಾಡ್ತದ, ಬಿಡು.”

ಅವರು ಅದನ್ನು ಚುಚ್ಚಿ ಹೇಳಿದ್ದಲ್ಲ. ನಿಜವಾಗಿಯೂ ನನಗೊಂದು ಸಬೂಬು ಹುಡುಕಿ ಕೊಟ್ಟಿದ್ದರು. ತಿಂಗಳುಗಟ್ಟಲೆ ಆ ಗೋಡೆಗೆ ಆನಿಸಿದ ಮೇಜಿನಲ್ಲಿ ಕೂತು, ಹೆಂಡಂದಿರು ಹೊಡೆತ ತಿನ್ನುತ್ತಾರೆ ಎಂದು ನಾನು ಲೋಕಕ್ಕೆ ತಿಳಿಸುತ್ತಿದ್ದೆ. ಗೋಡೆಯ ಆಚೆ ಒಬ್ಬಳು ತಿನ್ನುತ್ತಿದ್ದಳು.

ಇಷ್ಟಾದ ಮೇಲೆ ಬುದ್ಧಿಯಿದ್ದವರು ಟೈಪ್‌ರೈಟರಿಗೆ ಹೊದಿಕೆ ಹಾಕಿ ಪಕ್ಕದ ಮನೆಯ ಕದ ತಟ್ಟುತ್ತಿದ್ದರು. ನಾನು ಮರುದಿನವೇ ಲೇಖನ ಬರೆದೆ. ಬರೆದದ್ದರಲ್ಲಿ ಅದೇ ಚೆನ್ನಾದದ್ದು ಎಂದು ಆಗ ಅನ್ನಿಸಿತ್ತು. ಗುರುತು ಸಿಗಬಾರದೆಂದು ಬಹಳ ಜಾಣತನ ಮಾಡಿದ್ದೆ. ಇಂಜಿನಿಯರನನ್ನು ಹಾಗೆಯೇ ಇಟ್ಟೆ, ಆದರೆ ಅವನ ಬಾಗಿಲ ಮುಂದಿನ ಗುಲಾಬಿ ಕುಂಡಗಳನ್ನು ಡೇಲಿಯಾ ಮಾಡಿದೆ. ಮಕರಪುರವನ್ನು ‘ನಗರದ ದಕ್ಷಿಣದ ಒಂದು ಕಾರ್ಖಾನೆ ಪ್ರದೇಶ’ ಎಂದು ಬರೆದೆ. ಅವರೆಕಾಯಿ ಬಿಡಿಸುವ ಮುದುಕಿಯನ್ನು ಬಿಡಲು ಮನಸ್ಸಾಗಲಿಲ್ಲ. ಅವಳಿಂದಲೇ ಲೇಖನಕ್ಕೆ ಕಳೆ ಬಂದಿತ್ತು. ಹುಡುಗಿಯನ್ನು ಒಂದು ಮಾತು ಕೇಳಬೇಕು ಎಂದು ನನಗೆ ತೋಚಲೇ ಇಲ್ಲ.

ಭಾನುವಾರ ಅದು ಅಚ್ಚಾಯಿತು. ಸೋಮವಾರ ಆತ ನನ್ನೆದುರು ಹಾದುಹೋದ. ಕೈಮುಗಿಯಲಿಲ್ಲ. ಅದರ ಮುಂದಿನ ವಾರ ನಾನು ಊರಲ್ಲಿರದ ದಿನ ಒಂದು ಲಾರಿ ಬಂದು ಅವರ ಸಾಮಾನು ಹೇರಿಕೊಂಡು ಹೋಯಿತು. ಮನೆಯ ಎದುರು ಬರಿಯ ಕುಂಡಗಳ ಗುರುತು ಉಳಿದಿತ್ತು. ಅತ್ತೆ ಹೇಳಿದರು: ಹುಡುಗಿಗೆ ಅವನು ಮಾತಾಡಲೂ ಬಿಡಲಿಲ್ಲ, ಲಾರಿಯ ಮುಂದುಗಡೆ ತನ್ನ ಪಕ್ಕಕ್ಕೆ ಕೂಡಿಸಿಕೊಂಡು ಹೋದ, ಅವಳ ಬಲಗೈಗೆ ಬಟ್ಟೆ ಕಟ್ಟಿತ್ತು.

“ನೀ ಪೇಪರನ್ಯಾಗ ಏನ ಬರದಿದ್ದಿ?” ಎಂದು ಕೇಳಿದರು.

ನಾನು ಓದಿ ಕನ್ನಡದಲ್ಲಿ ಹೇಳಿದೆ. ಕೊನೆಯ ತನಕ ಕೇಳಿದರು. ಆಮೇಲೆ ನನ್ನೊಂದಿಗೆ ಮಾತು ಬಿಟ್ಟರು. ಊಟಕ್ಕೆ ಬಡಿಸುತ್ತಿದ್ದರು, ತಾಟು ಸದ್ದಾಗದಂತೆ ಇಡುತ್ತಿದ್ದರು. ಬೈದಿದ್ದರೆ ನಾಲ್ಕು ಮಾತು ತಿರುಗಿ ಆಡಬಹುದಿತ್ತು. ನಾನು ರಾತ್ರಿಯಿಡೀ ಅಳುತ್ತಿದ್ದೆ ಎಂದು ಬರೆಯಬೇಕೆನಿಸುತ್ತದೆ, ಆದರೆ ಅಳಲಿಲ್ಲ. ತಪ್ಪು ನನ್ನದಲ್ಲ, ಕಾನೂನಿಲ್ಲದ ಸಮಾಜದ್ದು ಎಂದು ನನಗೆ ನಾನೇ ವಾದಿಸುತ್ತಿದ್ದೆ. ವಾದ ಬಲವಾಗಿಯೇ ಇತ್ತು. ಆದರೆ ತಾಟಿನಲ್ಲಿ ಅರ್ಧ ಅನ್ನ ಬಿಟ್ಟು ಏಳುತ್ತಿದ್ದೆ.

ಒಂಬತ್ತನೆಯ ದಿನ ಅತ್ತೆ ಮಗನ ಮುಂದೆ ಹೋಗಿ ನಿಂತರು. “ಅವ ನಿಮ್ಮ ಕಡೆ ವಿಮಾ ಮಾಡಿಸ್ಯಾನಲ್ಲ. ಮನಿ ಬಿಟ್ರ ಹೊಸಾ ವಿಳಾಸ ಬರೀಬೇಕಲ್ಲ, ತಮ್ಮಾ?” ಇಡೀ ಸಾಲಿನ ವಿಷಯ ಅವರಿಗೆ ಗೊತ್ತಿತ್ತು ಎಂದೆನಲ್ಲ. ನಮ್ಮವರು ಕಚೇರಿಯ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವರಲ್ಲ. ಎರಡು ದಿನ ಒದ್ದಾಡಿದರು. ಮೂರನೆಯ ದಿನ ಒಂದು ಚೀಟಿ ತಂದು ತಾಯಿಯ ಕೈಗೆ ಕೊಟ್ಟು, ಕೈಕಾಲು ತೊಳೆಯಲು ಹೋದರು. ಚೀಟಿಯಲ್ಲಿ ಸೂರತ್ತಿನ ವಿಳಾಸವಿತ್ತು. ಆತ ಅಲ್ಲಿ ಒಂದು ನೇಯ್ಗೆ ಗಿರಣಿಗೆ ಸೇರಿದ್ದ.

“ನಿನ್ನ ಸಭಾ ಸೂರತ್ತಿನ್ಯಾಗ ಯಾವಾಗ ಅದ?” ಎಂದು ಅತ್ತೆ ನನ್ನನ್ನು ಕೇಳಿದರು. ಹನ್ನೊಂದು ದಿನದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು. “ನಾನೂ ಬರತೇನಿ.”

ಸೂರತ್ತಿನ ನಾನ್‌ಪುರದ ಒಂದು ಸಭಾಂಗಣದಲ್ಲಿ ನಲವತ್ತು ಮಂದಿ ಹೆಂಗಸರು ಸೇರಿದ್ದರು. ನಾನು ಮಾತಿಗೆ ನಿಂತು ಹತ್ತು ನಿಮಿಷವಾಗಿರಬೇಕು, ಕೊನೆಯ ಸಾಲಿನಲ್ಲಿ ಕೂತಿದ್ದ ಅತ್ತೆ ಎದ್ದು ಹೊರಗೆ ಹೋದರು. ಬಾಗಿಲಲ್ಲಿ ಟಾಂಗಾದವನಿಗೆ ಚೀಟಿ ತೋರಿಸುವುದು ಕಂಡಿತು. ಒಬ್ಬರನ್ನೇ ಹೇಗೆ ಬಿಡುವುದು ಎನ್ನಿಸಿತು. ಆದರೆ ಭಾಷಣದ ನಡುವೆ ಇಳಿದುಹೋಗುವುದು ಹೇಗೆ ಎಂದೂ ಅನ್ನಿಸಿತು. ಎರಡನೆಯದೇ ಗೆದ್ದಿತು.

ನನ್ನ ನಂತರ ಇಬ್ಬರು ಮಾತಾಡಿದರು, ಪ್ರಶ್ನೆಗಳಾದವು, ಕೊನೆಗೆ ಉಪಸಂಹಾರಕ್ಕೆ ಮತ್ತೆ ನಾನು ಎದ್ದೆ. ಆಗ ಅತ್ತೆ ಒಳಗೆ ಬಂದರು. ಅವರ ಹಿಂದೆ ಆ ಹುಡುಗಿ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಕಾಲಲ್ಲಿ ಚಪ್ಪಲಿಯಿಲ್ಲ. ಇಬ್ಬರೂ ಕೊನೆಯ ಸಾಲಿನಲ್ಲಿ ಕೂತರು. ನಾನು ಅವರನ್ನು ನೋಡಿದೆ. ಅವರೂ ನನ್ನನ್ನು ನೋಡಿದರು. ನಾನು ಮಾತು ನಿಲ್ಲಿಸಲಿಲ್ಲ. ಇನ್ನೂ ಕಾಲು ಗಂಟೆ ಮಾತಾಡಿದೆ. ಉಪಸಂಹಾರವನ್ನು ವಾರವಿಡೀ ಕೂತು ಬರೆದಿದ್ದೆ. ಹೊಡೆತದಿಂದ ತಪ್ಪಿಸಿಕೊಂಡು ಬಂದ ಹೆಣ್ಣಿಗೆ ಆಸರೆ ಬೇಕು ಎನ್ನುವ ಮಾತಿನಿಂದ ಅದು ಮುಗಿಯುತ್ತಿತ್ತು. ಆ ಹೆಣ್ಣು ಬೆಂಚಿನ ತುದಿಯಲ್ಲಿ ಕೂತು, ಆ ಮಾತು ಯಾವಾಗ ಮುಗಿದೀತೆಂದು ಕಾಯುತ್ತಿದ್ದಳು.

ಬಡೋದೆಯ ರೈಲಿನಲ್ಲಿ ನಾನು ಅವಳನ್ನು ಕೇಳಿದೆ, ಬರುವ ಧೈರ್ಯ ಹೇಗೆ ಬಂತು ಎಂದು. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವ ಆಸೆ ಇನ್ನೂ ಸತ್ತಿರಲಿಲ್ಲ.

“ಧೈರ್ಯ ಏನಿಲ್ಲ ಅಕ್ಕ. ಅಮ್ಮ ಬಾಗಿಲಲ್ಲಿ ನಿಂತು ‘ನಡಿ’ ಅಂದ್ರು. ಬಂದೆ.” ಚೀಲವನ್ನು ಮಡಿಲಿಗೆ ಎಳೆದುಕೊಂಡು, “ನೀವು ಬರೆದಿದ್ದನ್ನ ನಮ್ಮ ಯಜಮಾನರು ನನಗೆ ಓದಿ ಹೇಳಿದ್ರು,” ಎಂದಳು. “ಒಂದೊಂದು ಸಾಲೂ ಓದಿ, ಇದನ್ನ ನೀನೇ ಹೇಳಿದ್ದಾ ಅಂತ ಕೇಳಿದ್ರು. ಬೆಲ್ಟಲ್ಲಿ ಹೊಡೀತಾರೆ ಅಂತ ಬರೆದಿದ್ರಿ. ಬೆಲ್ಟಲ್ಲ ಅಕ್ಕ, ಅವರ ಸ್ಟೀಲ್ ಸ್ಕೇಲು.”

ನಾನು ತಪ್ಪಾಯಿತು ಎಂದೆ. ಹಾಗೆ ಅಂದದ್ದು ನನ್ನ ಜೀವನದಲ್ಲೇ ಅತಿ ಚಿಕ್ಕ ಭಾಷಣ. ಅತ್ತೆ ಇಬ್ಬರಿಗೂ ಅರ್ಧರ್ಧ ಬಾಳೆಹಣ್ಣು ಮುರಿದುಕೊಟ್ಟರು.

ಮೂರು ದಿನದ ಮೇಲೆ ಆತ ಬಂದ. ನಮ್ಮವರ ಮುಂದೆ ಕೂತು ಅತ್ತ, ಇನ್ನು ಹಾಗಾಗುವುದಿಲ್ಲ ಎಂದ. ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ. ಆತ ಕಣ್ಣೊರೆಸಿಕೊಂಡು ಎದ್ದು, “ನಿಮ್ಮನ್ನೆಲ್ಲ ಕೋರ್ಟಿಗೆ ಎಳೀತೀನಿ” ಎಂದು ಹೇಳಿ ಹೋದ. ಹೇಳಿದಂತೆ ಮಾಡಿದ. ಎರಡು ವಾರಕ್ಕೆ ಪೊಲೀಸನೊಬ್ಬ ನಮ್ಮ ಬಾಗಿಲಿಗೆ ವಾರಂಟು ತಂದ. ಹೆಂಡತಿಯನ್ನು ನಾವು ಕೂಡಿಹಾಕಿದ್ದೇವೆ, ಹುಡುಕಿ ಕರೆತರಬೇಕು ಎಂದು ಆತ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಕೊಟ್ಟಿದ್ದ. ಹೊಡೆತ ತಿಂದವಳಿಗಾಗಿ ತೆರೆಯದ ಕಾನೂನಿನ ರಿಜಿಸ್ಟರು, ಹೊಡೆದವನು ಕೇಳಿದ್ದಕ್ಕೆ ಎರಡೇ ವಾರದಲ್ಲಿ ತೆರೆದುಕೊಂಡಿತ್ತು. ವಾರಂಟಿನಲ್ಲಿ ಮೊದಲ ಹೆಸರು ನಮ್ಮತ್ತೆಯದು. ಎರಡನೆಯದು ನನ್ನದು. ಮೂರು ಊರು ಸುತ್ತಿ ಹೋರಾಡಿದವಳು ನಾನು, ಎರಡನೆಯವಳಾದದ್ದು ಹೇಗೆ ಎಂದು ಒಂದು ಕ್ಷಣ ಮನಸ್ಸಿಗೆ ಕಸಿವಿಸಿಯಾಯಿತು. ಆ ಕ್ಷಣ ನಾನು ನೆನೆಯಲು ಇಷ್ಟಪಡುವಂಥದ್ದಲ್ಲ.

ಪೊಲೀಸನಿಗೇ ಸಂಕೋಚವಾಗಿತ್ತು. “ಮಾ-ಜೀ, ಕೋರ್ಟಿಗೆ ಬರಬೇಕು” ಎಂದು ಗುಜರಾತಿಯಲ್ಲಿ ಹೇಳಿದ. ಅತ್ತೆಗೆ ನಾನು ಅರ್ಥ ಹೇಳಿದೆ. ಅವರು ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದರು.

ಮ್ಯಾಜಿಸ್ಟ್ರೇಟರು ನಡುವಯಸ್ಸಿನ ಗುಜರಾತಿ ಗೃಹಸ್ಥರು. ಹುಡುಗಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಸರಿಯಾಗಿ ಬಾರದು. ಭಾಷಾಂತರಕ್ಕೆ ನಾನು ಮುಂದೆ ಬಂದೆ. ಎದುರು ವಕೀಲರು, ಈಕೆ ಸಹ ಆರೋಪಕ್ಕೆ ಒಳಗಾದವಳು ಎಂದು ಆಕ್ಷೇಪಿಸಿದರು. ಮ್ಯಾಜಿಸ್ಟ್ರೇಟರು, “ಗಂಡನಿಗೆ ಆ ಭಾಷೆ ಬರುತ್ತದಲ್ಲ. ಈಕೆ ತಪ್ಪಿದರೆ ಆತನೇ ಹೇಳುತ್ತಾನೆ” ಎಂದರು.

“ನಿನ್ನನ್ನು ಯಾರಾದರೂ ಕೂಡಿಹಾಕಿದ್ದಾರೆಯೇ ಎಂದು ಕೇಳಿ,” ಎಂದರು ನನಗೆ. ಕೇಳಿದೆ.

“ಇಲ್ಲ. ನಾನೇ ಬಂದೆ,” ಎಂದಳು ಹುಡುಗಿ.

ನಾನು ಮ್ಯಾಜಿಸ್ಟ್ರೇಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರುಮಾಡಿದೆ. ವರ್ಷಗಳ ಹಿಂಸೆಯನ್ನು ಮೌನವಾಗಿ ಸಹಿಸಿದ ಮೇಲೆ, ತನ್ನ ಮಾನ ಮತ್ತು ಪ್ರಾಣವನ್ನು ಉಳಿಸಿಕೊಳ್ಳಲು, ಸ್ವಂತ ಇಚ್ಛೆಯಿಂದ, ಭಾರತದ ಸ್ವತಂತ್ರ ಪ್ರಜೆಯಾಗಿ...

“ಅವಳು ಅಷ್ಟು ಹೇಳಲಿಲ್ಲ ಸರ್,” ಎಂದ ಗಂಡ.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ನನಗೂ ಹಾಗೇ ಅನ್ನಿಸಿತು. ಅವಳು ಮೂರು ಶಬ್ದ ಆಡಿದಳು. ನೀವು ಪತ್ರಿಕೆಯವರೇ?”

ಹೌದೆಂದೆ. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಆ ದಿನ ಅಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವಳು ನಾನೊಬ್ಬಳೇ. ಹಿಡಿದುಕೊಟ್ಟವನು ಅವನು, ಮತ್ತು ಅವನು ಹೇಳಿದ್ದು ಸರಿಯಾಗಿತ್ತು.

ಮ್ಯಾಜಿಸ್ಟ್ರೇಟರು ಈ ಸಲ ನೇರವಾಗಿ ಹುಡುಗಿಯನ್ನೇ ನೋಡಿ, ಗುಜರಾತಿಯಲ್ಲಿ ನಿಧಾನವಾಗಿ, ಗಂಡನ ಜೊತೆ ಹೋಗುತ್ತೀಯಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

“ಮಾರೇ ನಥೀ ಜವುಂ.”

ನನಗೆ ಹೋಗಬೇಕಾಗಿಲ್ಲ. ಸೂರತ್ತಿನ ಮನೆಯ ಪಕ್ಕದ ಮಗುವೊಂದು ದಿನಾ ಬೆಳಿಗ್ಗೆ ಶಾಲೆಗೆ ಹೋಗಲು ಹಟ ಮಾಡುತ್ತ ಹಾಗೆ ಅನ್ನುತ್ತಿತ್ತಂತೆ. ಅದನ್ನು ಕೇಳಿ ಕೇಳಿ ಕಲಿತಿದ್ದಳು. ಮ್ಯಾಜಿಸ್ಟ್ರೇಟರು ಅದನ್ನು ಹಾಗೆಯೇ ಬರೆದುಕೊಂಡರು. ಗಂಡ ಆಕ್ಷೇಪಿಸಲಿಲ್ಲ. ಅದರಲ್ಲಿ ಭಾಷಾಂತರದ ತಪ್ಪು ಹುಡುಕಲು ಏನೂ ಇರಲಿಲ್ಲ.

ಅರ್ಜಿ ವಜಾ ಆಯಿತು. ಏಳುವ ಮೊದಲು ಮ್ಯಾಜಿಸ್ಟ್ರೇಟರು ನನಗೆ ಹೇಳಿದರು: “ಅವಳು ಎಲ್ಲಿ ಬೇಕಾದರೂ ಇರಬಹುದು. ಹೊಡೆದದ್ದಕ್ಕೆ ಬೇರೆ ದೂರು ಕೊಡಬಹುದು. ಆದರೆ ನಾಳೆ ಆತ ನಿಮ್ಮ ಬಾಗಿಲಿಗೆ ಬರಬಾರದು ಎಂದು ಗಂಡನಿಗೆ ಆದೇಶ ಮಾಡಲು ನನ್ನ ಕೈಯಲ್ಲಿ ಏನೂ ಇಲ್ಲ.” ನಾನು ವರ್ಷವಿಡೀ ಹೇಳಿದ್ದೂ ಇದನ್ನೇ. ಅವರು ಮೂರು ವಾಕ್ಯದಲ್ಲಿ ಹೇಳಿದರು.

ಹುಡುಗಿ ನಮ್ಮ ಮನೆಯಲ್ಲಿ ಐದು ತಿಂಗಳಿದ್ದಳು. ಆತ ಎರಡು ಸಲ ಬಂದ. ಎರಡು ಸಲವೂ ಅತ್ತೆ ಹೊಸ್ತಿಲ ಮೇಲೆ ಕೂತು ಕಾಳು ಬಿಡಿಸಿದರು. ಆಮೇಲೆ ಅವಳ ಸೋದರಮಾವ ದಾವಣಗೆರೆಯಿಂದ ಬಂದು ಕರೆದುಕೊಂಡು ಹೋದರು. ಅಲ್ಲಿ ಟ್ರೈನಿಂಗ್ ಮುಗಿಸಿ ಪ್ರಾಥಮಿಕ ಶಾಲೆಯ ಮಾಸ್ತರಿಣಿಯಾದಳು. ಹೋಗುವ ಮುಂಚೆ ತಾನಾಗಿಯೇ ನನ್ನ ಪಕ್ಕದಲ್ಲಿ ಕೂತು, ನಡೆದದ್ದನ್ನು ಹೇಳಿ ಬರೆಸಿದಳು. ಸ್ಟೀಲ್ ಸ್ಕೇಲು ಸಹಿತ. ನಾನು ಒಂದು ಶಬ್ದ ಸೇರಿಸದೆ ಟೈಪು ಮಾಡಿ, ಅವಳಿಗೆ ಕನ್ನಡದಲ್ಲಿ ಓದಿ ಹೇಳಿ, ಮನವಿಯ ಜೊತೆಗೆ ಸರಕಾರಕ್ಕೆ ಕಳಿಸಿದೆ. ತಲುಪಿದೆ, ಪರಿಶೀಲನೆಯಲ್ಲಿದೆ ಎಂದು ಒಂದು ಕಾರ್ಡು ಬಂತು. ಮತ್ತೆ ಏನೂ ಬರಲಿಲ್ಲ.

ಕೊನೆಗೆ, ನಲವತ್ತು ವರ್ಷಗಳ ಮೇಲೆ, ಆ ಕಾನೂನು ಬರುವ ಹೊತ್ತಿಗೆ ಅತ್ತೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ನನ್ನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅದನ್ನು ತಂದವರು ಬೇರೆಯವರು, ನನಗಿಂತ ಹೆಚ್ಚು ಕೆಲಸ ಮಾಡಿದವರು. ಆ ದಿನಗಳಲ್ಲಿ ಒಬ್ಬ ಯುವ ವರದಿಗಾರ್ತಿ ನನ್ನ ಹಳೆಯ ಅಂಕಣಗಳನ್ನು ಎಲ್ಲಿಯೋ ಹುಡುಕಿ ತೆಗೆದು, ನಾವು ಅಲ್ಲಿಯೇ ನೆಲೆನಿಂತಿದ್ದ ಮಂಜಲ್‌ಪುರದ ಮನೆಗೆ ಬಂದಳು. ನಾನು ಒಂದು ತಾಸು ಬರಿಯ ನಮ್ಮತ್ತೆಯ ವಿಷಯವನ್ನೇ ಹೇಳಿದೆ. ಟಾಂಗಾ, ಮಜ್ಜಿಗೆ, ಎಮ್ಮೆಯ ಕಥೆ, ಎಲ್ಲ. ಅವಳು ಬರೆದುಕೊಂಡಳು. ಅಚ್ಚಾಗಿ ಬಂದಾಗ ನೋಡಿದರೆ ನನ್ನ ದೊಡ್ಡ ಫೋಟೋ, ಕೆಳಗೆ ‘ಈ ಹೋರಾಟದ ಮೊದಲ ದನಿ’ ಎಂದಿತ್ತು. ಅತ್ತೆಯ ಮಾತು ಒಂದು ಸಾಲೂ ಇರಲಿಲ್ಲ.

ಸಂಪಾದಕರಿಗೆ ಒಂದು ತಿದ್ದುಪಡಿ ಬರೆಯಬೇಕು ಎಂದು ಕಾಗದ ತೆಗೆದೆ. ಪತ್ರ ಬರೆಯುವುದರಲ್ಲಿ ನನಗೇನೂ ಕಷ್ಟವಿರಲಿಲ್ಲ. ಆದರೆ ಫೋಟೋ ಚೆನ್ನಾಗಿ ಬಂದಿತ್ತು. ನಾಳೆ ಬರೆದರಾಯಿತು ಎಂದು ಪುಟವನ್ನು ಕತ್ತರಿಸಿ ಫೈಲಿಗೆ ಸೇರಿಸಿದೆ.